ಗರ್ಭಕಂಠ ಮತ್ತು ಪಾಸಿಟಿವ್: ಇವಕ್ಕೆ ಏನು ಬರೆಯಲಿ?

ನಮಸ್ಕಾರ. ಎಚ್‌ಐವಿ ಇರುವ ಹೆಂಗಸರಿಗಾಗಿ ಗರ್ಭಕಂಠದ ಕ್ಯಾನ್ಸರ್ ಬಗ್ಗೆ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಸೆಂಟರ್‌ಗಳಲ್ಲಿ ಮಾತ್ರೆಗೆ ಕಾಯುವಾಗ ಓದಲಿ ಅಂತ. ಎರಡು ಪದ ಕೈಕೊಟ್ಟಿವೆ.

ಒಂದು, ಗರ್ಭಕಂಠ, ಅಂದರೆ ಗರ್ಭಕೋಶದ ಕೆಳತುದಿ. ಪತ್ರಿಕೆಗಳಲ್ಲಿ ಇದೇ ಬರುತ್ತದೆ. ಲ್ಯಾಟಿನ್ನಿನ 'ಸರ್ವಿಕ್ಸ್' ಅಂದರೂ ಕುತ್ತಿಗೆಯೇ, ಹಾಗಾಗಿ ತಪ್ಪೇನಿಲ್ಲ. ಆದರೆ ಕರಡು ಓದಿಸಿದಾಗ ಒಬ್ಬರು ಗಂಟಲು ಮುಟ್ಟಿಕೊಂಡು "ಇಲ್ಲೇನಾ?" ಅಂದರು. ಇನ್ನೊಬ್ಬರಿಗೆ 'ಸರ್ವೈಕಲ್' ಅಂದರೆ ಕುತ್ತಿಗೆ ನೋವಿಗೆ ಹಾಕುವ ಪಟ್ಟಿ. ಅದೂ ಸರಿಯೇ ಅಲ್ವಾ! ಹೆರಿಗೆ ವಾರ್ಡಿನಲ್ಲಿ ನರ್ಸುಗಳು 'ಗರ್ಭಕೋಶದ ಬಾಯಿ ತೆರೆದಿದೆ' ಅನ್ನುತ್ತಾರೆ. ಹೆತ್ತವರಿಗೆ ಅದು ಕೇಳಿದ ಮಾತು. ಅದನ್ನೇ ಹಾಕಿದ್ದೇನೆ.

ನಿಜವಾದ ತಲೆನೋವು 'ಪಾಸಿಟಿವ್'. ಈ ಕ್ಯಾನ್ಸರಿಗೆ ಮೂಲ ಎಚ್‌ಪಿವಿ ವೈರಸ್. ಬಹಳಷ್ಟು ಜನರಲ್ಲಿ ಅದು ತಾನಾಗಿ ಹೋಗುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿದ್ದರೆ ಉಳಿದುಬಿಡುತ್ತದೆ. ಎಚ್‌ಐವಿ ಇರುವ ಹೆಂಗಸರಿಗೆ ಅಪಾಯ ಸುಮಾರು 6 ಪಟ್ಟು ಜಾಸ್ತಿ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇವರಿಗೆ 25ನೇ ವಯಸ್ಸಿನಿಂದ, 3ರಿಂದ 5 ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆ ಅಂದಿತು. ಉಳಿದವರಿಗೆ 30ರಿಂದ.

ಈಗ ಒಬ್ಬರ ರಿಪೋರ್ಟಿನಲ್ಲಿ 'ಎಚ್‌ಪಿವಿ ಪಾಸಿಟಿವ್' ಬಂತು. "ಗೊತ್ತಿರೋದೇ ಅಲ್ವಾ ಮೇಡಂ, ಹನ್ನೊಂದು ವರ್ಷದಿಂದ ಮಾತ್ರೆ ತಗೋತಿದೀನಿ" ಅಂತ ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಂಡರು. ಅವರ ಕಿವಿಗೆ ಬಿದ್ದದ್ದು ಎಚ್‌ಐವಿ. ನಡುವಿನ ಒಂದಕ್ಷರ ಯಾರು ಗಮನಿಸುತ್ತಾರೆ? ಮತ್ತೊಬ್ಬರು ಕ್ಯಾನ್ಸರೇ ಬಂತು ಅಂತ ಅತ್ತರು. ಅದೂ ಅಲ್ಲ. ಮುಂದೆ ಇನ್ನೊಂದು ಪರೀಕ್ಷೆ ಇರುತ್ತದೆ. ಕ್ಯಾನ್ಸರಿಗೆ ಮೊದಲಿನ ಹಂತ ಸಿಕ್ಕರೆ ಆ ಜಾಗ ಸುಟ್ಟು ತೆಗೆಯಬಹುದು.

'ಸಕಾರಾತ್ಮಕ' ಅಂತೂ ಬೇಡ, ಶುಭಸುದ್ದಿ ಅನಿಸುತ್ತದೆ. 'ಸೋಂಕು ದೃಢ' ಅಂದರೆ ಕೊರೊನಾ ಕಾಲದ ಟಿವಿ ನೆನಪಾಗುತ್ತದೆ. ಸದ್ಯಕ್ಕೆ 'ಎಚ್‌ಪಿವಿ ಅನ್ನುವ ಬೇರೆ ವೈರಸ್ ಸಿಕ್ಕಿದೆ, ಇನ್ನೊಂದು ಪರೀಕ್ಷೆ ಬೇಕು' ಅಂತ ಬರೆದಿದ್ದೇನೆ. 'ಸಿಕ್ಕಿದೆ' ಅಂದರೆ ಕಳೆದ ಓಲೆ ಸಿಕ್ಕಿದ ಹಾಗೆ ಕೇಳುತ್ತದೆಯಾ? 'ಕಂಡುಬಂದಿದೆ' ವಾಸಿಯಾ? ನಮ್ಮಲ್ಲಿಗೆ ಹುಬ್ಬಳ್ಳಿ, ರಾಯಚೂರು ಕಡೆಯವರೂ ಬರುತ್ತಾರೆ. ಅವರಿಗೆ 'ಗರ್ಭಚೀಲದ ಬಾಯಿ' ಅಂದರೆ ಹತ್ತಿರವಾ? ಆ ಕಡೆಯವರು ಹೇಳಿ. ಸೋಮವಾರ ಪ್ರಿಂಟಿಗೆ ಕೊಡಬೇಕು.