ಗ್ರಾನೈಟ್ ಒಡೆದಿಲ್ಲ, ಎಳೆದುಕೊಂಡಿದೆ: ಇದೂ ಸ್ತರಭಂಗವೇ?

ಪ್ರಶ್ನೆ: ಚಿತ್ರದುರ್ಗ ಶಿಸ್ಟ್ (ಹಾಳೆಹಾಳೆಯಾಗಿ ಸೀಳುವ ರೂಪಾಂತರಿತ ಕಲ್ಲು) ಪಟ್ಟಿಯ ಪೂರ್ವ ಅಂಚಿನ ಶಿಯರ್ ವಲಯದಲ್ಲಿ, ಅಂದರೆ ಎರಡು ಬದಿಯ ಕಲ್ಲು ಪರಸ್ಪರ ಸರಿದ ಪಟ್ಟಿಯಲ್ಲಿ, ಗ್ರಾನೈಟ್ ನೋಡುತ್ತಿದ್ದೇವೆ ಸರ್. ಬೆಣಚು ರಿಬ್ಬನ್ನಿನಂತೆ ಎಳೆದುಕೊಂಡಿದೆ, ಫೆಲ್ಡ್‌ಸ್ಪಾರ್ ಮಾತ್ರ ಕಣ್ಣಿನಾಕಾರದಲ್ಲಿ ಗಟ್ಟಿಯಾಗಿ ಉಳಿದಿದೆ. ಒಂದೇ ಕಲ್ಲಿನಲ್ಲಿ ಹೀಗೇಕೆ? ಯಾವ ಕಡೆ ಸರಿದಿದೆ ಎಂದು ಹೇಗೆ ಗುರುತಿಸುವುದು?

ಉತ್ತರ: ಅದು ಮೈಲೊನೈಟ್, ಅಂದರೆ ಸ್ತರಭಂಗದ ಆಳದ ಭಾಗದಲ್ಲಿ ಒಡೆಯದೆ ಎಳೆದುಕೊಂಡು ಪದರಪದರವಾದ ಕಲ್ಲು. ಮೇಲಿನ ತಣ್ಣನೆಯ ಪದರದಲ್ಲಿ ಗ್ರಾನೈಟ್ ನುಚ್ಚಾಗಿ ಕ್ಯಾಟಕ್ಲಾಸೈಟ್ ಆಗುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಬೆಣಚು ಒಡೆಯುವುದಿಲ್ಲ. ಹರಳಿನ ಒಳಗೇ ಜಾರಿ, ಹೊಸ ಸಣ್ಣ ಹರಳುಗಳಾಗುತ್ತದೆ. ಫೆಲ್ಡ್‌ಸ್ಪಾರ್ ಹಾಗೆ ಮೆತ್ತಗಾಗಲು ಸುಮಾರು 450 ಡಿಗ್ರಿ ಬೇಕು. ನೀವು ಹೇಳಿದ ಕಲ್ಲು ಇವೆರಡರ ನಡುವೆ ಸರಿದದ್ದು. ನೆಲದ ಮೇಲೆ 25 ಡಿಗ್ರಿ, ಅಲ್ಲಿಂದ ಕಿಲೋಮೀಟರಿಗೆ 25 ಡಿಗ್ರಿ ಏರಿಕೆ ಎಂದು ಹಿಡಿದರೆ 11ರಿಂದ 17 ಕಿ.ಮೀ. ಆಳ. ಆದರೆ ಆರ್ಕಿಯನ್ ಕಾಲದಲ್ಲಿ (250 ಕೋಟಿ ವರ್ಷಕ್ಕೂ ಹಿಂದೆ) ಭೂಮಿಯ ಒಳಗೆ ಬಿಸಿ ಹೆಚ್ಚಿತ್ತು, ಹಾಗಾಗಿ ವರದಿಯಲ್ಲಿ ಆಳಕ್ಕಿಂತ ಉಷ್ಣತೆಯನ್ನೇ ಬರೆಯಿರಿ.

ನೀರನ್ನು ಮರೆಯಬೇಡಿ, ಬಹಳ ಜನ ಎಡವುವುದು ಇಲ್ಲೇ. ಬಿರುಕಿನೊಳಗೆ ನೀರು ಹೊಕ್ಕರೆ ಪೊಟ್ಯಾಶ್ ಫೆಲ್ಡ್‌ಸ್ಪಾರ್ ಬಿಳಿ ಅಭ್ರಕ ಮತ್ತು ಬೆಣಚಾಗಿ ಬದಲಾಗುತ್ತದೆ. ಗಟ್ಟಿ ಖನಿಜ ಹೋಗಿ ಜಾರುವ ಖನಿಜ ಬಂದ ಮೇಲೆ ಸರಿತವೆಲ್ಲ ಆ ತೆಳು ಪಟ್ಟಿಗೇ ಸೇರುತ್ತದೆ. ಪಕ್ಕದ ಗ್ರಾನೈಟ್ ಹೆಚ್ಚುಕಡಿಮೆ ಮೊದಲಿನಂತೇ ಉಳಿಯುತ್ತದೆ. ಅಲ್ಲಿ ಅಭ್ರಕ ಜಾಸ್ತಿ ಕಂಡರೆ ಅದು ಮೂಲತಃ ಶಿಸ್ಟ್ ಎಂದು ನಕ್ಷೆಯಲ್ಲಿ ಬರೆದುಬಿಡಬೇಡಿ. ಅಂಚಿನಿಂದ ಅಡ್ಡಲಾಗಿ ನಡೆದು, ಗ್ರಾನೈಟ್ ಹಂತಹಂತವಾಗಿ ಬದಲಾಗಿದೆಯೇ ನೋಡಿ.

ದಿಕ್ಕಿನ ವಿಷಯ: ಪದರಕ್ಕೆ ಲಂಬವಾಗಿ, ಎಳೆತದ ಗೆರೆಗೆ ಸಮಾಂತರವಾಗಿ ಇರುವ ಮುಖವನ್ನೇ ನೋಡಬೇಕು. ಬೇರೆ ಮುಖದಲ್ಲಿ ಫೆಲ್ಡ್‌ಸ್ಪಾರ್ ಕಣ್ಣಿನ ಎರಡು ಬದಿಗೆ ಎಳೆದುಕೊಂಡ ಬಾಲಗಳು ಸಮವಾಗಿ ಕಂಡು ದಾರಿ ತಪ್ಪಿಸುತ್ತವೆ. ಪದರ ಎಡದಿಂದ ಬಲಕ್ಕೆ ಹರಿಯುವಂತೆ ನಿಂತು ನೋಡಿ: ಫೆಲ್ಡ್‌ಸ್ಪಾರ್ ಕಣ್ಣಿನ ಬಲಬಾಲ ಮೇಲಿನ ಅಂಚಿನಿಂದ, ಎಡಬಾಲ ಕೆಳಗಿನ ಅಂಚಿನಿಂದ ಹೊರಟಿದ್ದರೆ ಬಲಸರಿತ (ಮೇಲಿನ ಬದಿ ಬಲಕ್ಕೆ ಸರಿದಿದೆ), ಉಲ್ಟಾ ಇದ್ದರೆ ಎಡಸರಿತ. ಒಂದೆರಡು ಕಣ್ಣು ಸಾಲದು, ಹತ್ತಿಪ್ಪತ್ತು ಎಣಿಸಿ. ಕಣ್ಣು ಸೀಳಿ, ಓರೆಯಾಗಿ ವಾಲಿದ ಪುಸ್ತಕಗಳಂತೆ ಕಂಡರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸೀಳುಗಳ ನಡುವಿನ ಜಾರಿಕೆ ವಿರುದ್ಧ ದಿಕ್ಕಿನದೂ ಆಗಿರಬಹುದು. ಮಾದರಿ ಒಡೆಯುವ ಮೊದಲೇ ಅದರ ಮೇಲೆ ಸ್ಟ್ರೈಕ್ (ಪದರ ಹಾಯುವ ದಿಕ್ಕು), ಡಿಪ್ (ಪದರದ ಇಳಿಜಾರು), ಮೇಲ್ಮುಖ ಗುರುತಿಸಿ. ಇಲ್ಲದಿದ್ದರೆ 0.03 ಮಿ.ಮೀ. ತೆಳು ಹೋಳು ಮಾಡಿಸಿದರೂ ದಿಕ್ಕು ಸಿಗದು.

ಮತ್ತೊಬ್ಬರ ಪ್ರಶ್ನೆ: ಮೈಲೊನೈಟಿನೊಳಗೆ ಕಪ್ಪು ತೆಳು ಗೆರೆಗಳಿದ್ದರೆ? ಭೂಕಂಪದಲ್ಲಿ ಕರಗಿದ ಕಲ್ಲು, ಸ್ಯೂಡೊಟ್ಯಾಕಿಲೈಟ್ ಅನ್ನಬಹುದೇ?

ಉತ್ತರ: ಬಣ್ಣ ನೋಡಿ ಹೇಳಲಾಗದು. ಪದರಕ್ಕೆ ಸಮಾಂತರವಾಗಿಯೇ ಹರಿದು, ಅಂಚು ಕ್ರಮೇಣ ಮಾಸಿದ್ದರೆ ಹೆಚ್ಚಾಗಿ ಅತಿ ಸಣ್ಣ ಹರಳಿನ ಅಲ್ಟ್ರಾಮೈಲೊನೈಟ್. ಅಂಚು ಚೂಪಾಗಿದ್ದು, ಗೆರೆಯಿಂದ ಕವಲುಗಳು ಪಕ್ಕದ ಕಲ್ಲಿನೊಳಗೆ ಅಡ್ಡ ನುಗ್ಗಿದ್ದರೆ ಕರಗಿದ ದ್ರವ ಚುಚ್ಚಿದ್ದೆಂಬ ಅನುಮಾನಕ್ಕೆ ಬಲ ಬರುತ್ತದೆ. ಆ ಕವಲು ಸೇರುವ ಜಾಗದಲ್ಲೇ ಹೋಳು ಮಾಡಿಸಿ. ಅಂಚಿನಲ್ಲಿ ಬೇಗ ತಣಿದ ಸಣ್ಣ ಹರಳು, ನಡುವೆ ಕರಗದೆ ಉಳಿದ ದುಂಡು ಬೆಣಚಿನ ಚೂರು ಸಿಕ್ಕರೆ ಆಗ ಧೈರ್ಯವಾಗಿ ಬರೆಯಿರಿ.