ಸಹಾಯ ಬೇಕು: ಶ್ರೀಲಂಕಾದ 2022ರ ಸಾಲದ ಲೆಕ್ಕ ಕೂಡಿಬರುತ್ತಿಲ್ಲ

ನಮಸ್ಕಾರ. ಶ್ರೀಲಂಕಾದ ಸಾಲ-ಜಿಡಿಪಿ ಅನುಪಾತ ಯಾವ ಕಾರಣಕ್ಕೆ ಎಷ್ಟು ಏರಿತೆಂದು ವರ್ಷವಾರು ಬಿಡಿಸುವ ಎಕ್ಸೆಲ್ ಹಾಳೆಗೆ ತಿಳಿದವರ ಸಹಾಯ ಬೇಕು. ಸೂತ್ರ ಮಾಮೂಲಿನದೇ: ಹಿಂದಿನ ವರ್ಷದ ಅನುಪಾತ × (1+ಬಡ್ಡಿದರ) ÷ (1+ಜಿಡಿಪಿ ಬೆಳವಣಿಗೆ), ಅದರಲ್ಲಿ ಪ್ರಾಥಮಿಕ ಉಳಿತಾಯ (ಬಡ್ಡಿ ಬಿಟ್ಟು ಉಳಿದ ಖರ್ಚು ಕಳೆದ ಮೇಲೆ ಸರ್ಕಾರದ ಆದಾಯದಲ್ಲಿ ಮಿಗುವುದು, ಜಿಡಿಪಿಯ ಪಾಲಾಗಿ) ಕಳೆಯುವುದು. ಎರಡು ದರಗಳಲ್ಲೂ ಹಣದುಬ್ಬರ ಸೇರಿದೆ; ಒಂದರಲ್ಲಿ ಬಿಟ್ಟರೂ ಇಡೀ ಲೆಕ್ಕ ಕೆಡುತ್ತದೆ.

2022ರಲ್ಲಿ ಮಾತ್ರ ವಿವರಣೆಗೆ ಸಿಗದ ಉಳಿಕೆ ವಿಪರೀತ. ಆ ವರ್ಷ ಡಾಲರ್ ಸುಮಾರು 200 ಶ್ರೀಲಂಕಾ ರೂಪಾಯಿಯಿಂದ 360ರ ಆಸುಪಾಸಿಗೆ ಜಿಗಿಯಿತು. ವಿದೇಶಿ ಸಾಲದ ಮೊತ್ತಕ್ಕೆ ವರ್ಷಾಂತ್ಯದ ದರ, ಬಡ್ಡಿಗೆ ವರ್ಷದ ಸರಾಸರಿ ದರ ಹಾಕಿದೆ. ಸರ್ಕಾರಿ ತೈಲ ಸಂಸ್ಥೆ ಸಿಲೋನ್ ಪೆಟ್ರೋಲಿಯಂ ಕಾರ್ಪೊರೇಷನ್ನಿನ, ಸರ್ಕಾರವೇ ಖಾತರಿ ಕೊಟ್ಟಿದ್ದ ಸಾಲವೂ ಆಗಲೇ ಸರ್ಕಾರದ ಲೆಕ್ಕಕ್ಕೆ ಬಂತು. ಅದು ಬಜೆಟ್ ಕೊರತೆಯಲ್ಲಿ ಕಾಣುವುದಿಲ್ಲ, ಹಾಗಾಗಿ ಬೇರೆ ಸಾಲಿನಲ್ಲಿಟ್ಟಿದೆ.

ನಿಜವಾದ ತೊಡಕು ಏಪ್ರಿಲ್ 2022ರ ನಂತರದ್ದು. ವಿದೇಶಿ ಸಾಲದ ಪಾವತಿ ನಿಲ್ಲಿಸಿದ್ದರಿಂದ ಕಟ್ಟದ ಬಡ್ಡಿ ನಗದು ಲೆಕ್ಕದಲ್ಲಿ ಬರುವುದಿಲ್ಲ. ಬಡ್ಡಿದರ ಸುಳ್ಳೇ ಕಡಿಮೆ ಕಾಣುತ್ತದೆ, ಬೆಳವಣಿಗೆಯೊಂದಿಗಿನ ಹೋಲಿಕೆಯೇ ತಪ್ಪುತ್ತದೆ. ಇದನ್ನು ಬಡ್ಡಿಗೇ ಸೇರಿಸಬೇಕೋ, ಬಾಕಿ ಎಂದು ಪ್ರತ್ಯೇಕ ತೋರಿಸಬೇಕೋ? ಹೀಗೆಯೇ ಪಾವತಿ ನಿಲ್ಲಿಸಿದ್ದ ಜಾಂಬಿಯಾ ಅಥವಾ ಘಾನಾದ ಲೆಕ್ಕ ಮಾಡಿದವರಿದ್ದರೆ ದಯವಿಟ್ಟು ನಿಮ್ಮ ಹಾಳೆಯ ಆ ಸಾಲುಗಳನ್ನಷ್ಟಾದರೂ ಹಂಚಿಕೊಳ್ಳಿ.