ಪದಚರ್ಚೆ: ‘ಯೂಸ್ಡ್ ಟ್ಯೂಬ್ ಹೆಡ್‌ಫೋನ್ ಆಂಪ್ಲಿಫೈಯರ್’ಗೆ ಕನ್ನಡ ಬೇಕು (ತುರ್ತು)

ಮುಲುಂಡಿನಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ಸೂಚನಾ ಫಲಕಕ್ಕೆ ಒಂದು ಮಾರಾಟದ ಹಾಳೆ ಶನಿವಾರ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಮಾರುವವರು ಸಂಘದ ಸದಸ್ಯರು, ಹಾಳೆ ಬರೆಯುವ ಕೆಲಸ ನನ್ನದು. ವಸ್ತು: ಬಳಸಿದ ಟ್ಯೂಬ್ ಹೆಡ್‌ಫೋನ್ ಆಂಪ್ಲಿಫೈಯರ್. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಬಗೆಯದು; ಮುಂದೆ ಒಂದು 6ಎಸ್‌ಎನ್7, ಹಿಂದೆ ಒಂದು 6080. ಎರಡೂ ಟ್ಯೂಬುಗಳ ಹೆಸರು; ಟ್ಯೂಬ್ ಎಂದರೆ ಹಳೆಯ ರೇಡಿಯೊದಲ್ಲಿ ಇರುತ್ತಿದ್ದ, ಗಾಳಿ ತೆಗೆದ ಗಾಜಿನ ಬುರುಡೆ.

ತಲೆಬರಹಕ್ಕೆ ‘ಬಳಸಿದ ನಿರ್ವಾತ ನಳಿಕಾ ಶ್ರವಣಸಾಧನ ಧ್ವನಿವರ್ಧಕ’ ಎಂದು ಬರೆದಿದ್ದೆ. ಮನೆಯವರು ಓದಿ, ಕಿವಿ ಕೇಳಿಸದವರಿಗೆ ಕೊಡುವ ಯಂತ್ರವೇ ಎಂದು ಕೇಳಿದರು. ಹಾಗಾಗಿ ಇಲ್ಲಿಗೆ ಬಂದೆ. ಒಳಗಿನ ಮಾತುಗಳಲ್ಲಿ ಹಮ್, ಮೈಕ್ರೋಫೋನಿಕ್, ನ್ಯೂ ಓಲ್ಡ್ ಸ್ಟಾಕ್, ಔಟ್‌ಪುಟ್ ಇಂಪೀಡೆನ್ಸ್ ಇವಿಷ್ಟಕ್ಕೂ ಏನಾದರೂ ಬೇಕು. ದಯವಿಟ್ಟು ಫಲಕದ ಮುಂದೆ ನಿಂತು ಓದುವವರಿಗೆ ತಿಳಿಯುವಂಥದ್ದು.

ಪುಣೆ, ಕೋಥ್ರೂಡಿನಿಂದ:

ನಿರ್ವಾತ ನಳಿಕೆ ಸರಿಯಾಗಿಯೇ ಇದೆ. ಶ್ರವಣಸಾಧನ ತಪ್ಪು. ‘ಕವಾಟವರ್ಧಕ’ ಎಂದರೆ ಇನ್ನೂ ಚಿಕ್ಕದು, ಹೃದಯದ ಕವಾಟ ಎಲ್ಲರಿಗೂ ಗೊತ್ತಿರುವುದೇ. ‘ಟ್ಯೂಬ್ ವರ್ಧಕ’ ಎಂದು ಮಾತ್ರ ಬರೆಯಬೇಡಿ. ಅರಿಸಮಾಸಕ್ಕೂ ಒಂದು ಮಿತಿ ಇದೆ. ಇಂಪೀಡೆನ್ಸಿಗೆ, ಅಂದರೆ ಓಮ್ ಲೆಕ್ಕದಲ್ಲಿ ಅಳೆಯುವ ವಿದ್ಯುತ್ತಿನ ತಡೆಗೆ, ‘ಪ್ರತಿಬಾಧೆ’.

ಪುಣೆ, ಪಿಂಪ್ರಿಯಿಂದ:

> ಅರಿಸಮಾಸಕ್ಕೂ ಒಂದು ಮಿತಿ ಇದೆ

ಬಸ್ ನಿಲ್ದಾಣದಾಗ ನಿಂತು ಈ ಮಾತು ಹೇಳ್ರಿ ನೋಡೂಣು. ನಳಿಕೆ, ಕವಾಟ, ವರ್ಧಕ ಯಾವುದೂ ಬ್ಯಾಡ. ಉಸಿರು ಕಟ್ಟಿ ಹೇಳೋ ‘ಧ’ ಯಾರ ಬಾಯಾಗೂ ಇಲ್ಲ, ಬರೀ ಕಾಗದದ ಮ್ಯಾಲ ಅದ. ಬರಿದಾದ ಕೊಳವೆ ‘ಬರಿಗೊಳವೆ’, ಸಂಧಿ ತಾನಾಗೇ ಆಗ್ತದ. ದನಿ ಏರಿಸೋದು ‘ದನಿಯೇರುಕ’. ತಲೆಬರಹ: ‘ಬಳಸಿದ ಬರಿಗೊಳವೆ ದನಿಯೇರುಕ’. ಹೆಡ್‌ಫೋನಿಗೆ ‘ತಲೆಯುಲಿ’.

ಕೋಥ್ರೂಡಿನಿಂದ:

ಏರುಕ, ಇಳಿಕ, ಉರುಳುಕ. ಇದು ಭಾಷೆಯಲ್ಲ, ಆಟಿಕೆ ಅಂಗಡಿ.

ಡೊಂಬಿವಲಿಯಿಂದ:

ಮಾರಾಯ್ರೆ, ಮೊದಲು ಸಾಮಾನು ಏನೆಂದು ನೋಡುವ, ಆಮೇಲೆ ನಾಮಕರಣ.

‘ಕವಾಟ’ ಮುಂಬಯಿಯಲ್ಲಿ ಹಾಕಿದರೆ ಬರುವ ಫೋನೆಲ್ಲ ಪೀಠೋಪಕರಣದ್ದು. ಮರಾಠಿಯ ಕಪಾಟವೂ ನಮ್ಮ ಕಪಾಟೂ ಅದೇ ಬೇರಿನವು. ಮರಾಠಿಯವರು ವಾಲ್ವಿಗೆ ಹೇಳುವುದು ಝಡಪ್. ‘ಧ್ವನಿವರ್ಧಕ’ ಎಂದರೆ ಗಣಪತಿ ಪೆಂಡಾಲಿನದು, ರಾತ್ರಿ ಹತ್ತಕ್ಕೆ ಬಂದ್ ಮಾಡಬೇಕಾದದ್ದು. ‘ಪ್ರನಾಳ’ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಅದರಲ್ಲಿ ಶಿಶು ಹುಟ್ಟುತ್ತದೆ. ಒಂದೇ ಟ್ಯೂಬಿನೊಳಗಿನ ಎರಡು ಭಾಗ ಹೊಂದಿಸಿದ್ದು ಎನ್ನಲಿಕ್ಕೆ ‘ಜೋಡಿ ನಳಿಕೆ’ ಎಂದು ಬರೆದರಂತೂ ಕೋವಿ ಮಾರುತ್ತಿದ್ದೀರಿ ಎಂದು ಪೊಲೀಸರೇ ಬಂದಾರು.

ಎಲೆಕ್ಟ್ರಾನಿಕ್ ಸಾಮಾನಿನ ಪೇಟೆಗಳಾದ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೇಳಿ, ಪುಣೆಯ ತಪ್ಕೀರ್ ಗಲ್ಲಿಯಲ್ಲಿ ಕೇಳಿ, ಈ ಟ್ಯೂಬಿಗೆ ಹೆಸರು ‘ವಾಲ್ವ್’. ಇದನ್ನು ಕಂಡುಹಿಡಿದ ಇಂಗ್ಲೆಂಡಿನ ವಿಜ್ಞಾನಿ ಫ್ಲೆಮಿಂಗ್ 1904ರಲ್ಲಿ ಪೇಟೆಂಟ್ ಪಡೆದಾಗ ಇಟ್ಟ ಹೆಸರೂ ಅದೇ, ಕರೆಂಟು ಒಂದೇ ದಿಕ್ಕಿಗೆ ಹೋಗುತ್ತದೆ ಎಂಬ ಕಾರಣಕ್ಕೆ. ಟ್ಯೂಬ್ ಅಮೆರಿಕದವರದು. ನಮ್ಮ ಅಜ್ಜಂದಿರು ‘ವಾಲ್ವ್ ರೇಡಿಯೊ’ ಎಂದರೇ ಹೊರತು ಟ್ಯೂಬ್ ರೇಡಿಯೊ ಎನ್ನಲಿಲ್ಲ. ಬೆಂಗಳೂರು ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1961ರಲ್ಲಿ ರೇಡಿಯೊ ವಾಲ್ವ್ ತಯಾರಿಸಲು ಶುರು ಮಾಡಿತು. ಹಾಗಾಗಿ ಈ ಪದ ಕನ್ನಡ ನೆಲದಲ್ಲಿ ದುಡಿದು ತಿಂದ ಪದ. ಆದರೆ ಈಗ ಹೆಡ್‌ಫೋನ್ ಕೊಳ್ಳುವ ಹುಡುಗರು ಟ್ಯೂಬ್ ಎನ್ನುತ್ತಾರೆ. ತಲೆಬರಹದಲ್ಲಿ ‘ವಾಲ್ವ್’, ಕೆಳಗೆ ಒಂದು ಕಡೆ ‘ಟ್ಯೂಬ್’ ಬಂದರೆ ಇಬ್ಬರಿಗೂ ಆಯಿತು.

ಇನ್ನು ಒಳಗಿನ ಮಾತು. ಇಲ್ಲಿ ಹೆಸರಿಗಿಂತ ವಾಕ್ಯ ಮುಖ್ಯ. ‘ಹಮ್ ಇಲ್ಲ’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ, ಯಾವ ಹೆಡ್‌ಫೋನಿನಲ್ಲಿ ಇಲ್ಲ? ‘ವಾಲ್ಯೂಮ್ ಸೊನ್ನೆಯಲ್ಲಿಟ್ಟು 300 ಓಮ್ ಹೆಡ್‌ಫೋನಿನಲ್ಲಿ ಕೇಳಿದರೆ ಗುಂಯ್ ಎನ್ನುವುದಿಲ್ಲ’ ಎಂದು ಬರೆಯಿರಿ. ಬರೆಯುವ ಮೊದಲು ಕೇಳಿ ನೋಡಿ. ವಾಲ್ಯೂಮ್ ಪೂರ್ತಿ ಇಳಿಸಿದಾಗ ಗುಂಯ್ ನಿಂತರೆ ಅದು ಹಿಂದಿನ ಪ್ಲೇಯರಿನದು ಅಥವಾ ಕೇಬಲಿನದು. ಇಳಿಸಿದರೂ ಉಳಿದರೆ ಆಂಪ್ಲಿಫೈಯರಿನದೇ. ದಪ್ಪ 50 ಹರ್ಟ್ಸ್ ಸದ್ದಾದರೆ ವಾಲ್ವಿನೊಳಗೆ ಹೀಟರಿನಿಂದ (ಕಾಯಿಸುವ ತಂತಿ) ಕ್ಯಾಥೋಡಿಗೆ (ಕಾದು ಎಲೆಕ್ಟ್ರಾನ್ ಬಿಡುವ ಭಾಗ) ಸೋರಿಕೆ ಅಥವಾ ಅರ್ಥಿಂಗ್ ತೊಂದರೆ. ಸ್ವಲ್ಪ ಮೇಲಿನ ಸ್ಥಾಯಿಯ 100 ಹರ್ಟ್ಸ್ ಆದರೆ ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್ ಒಣಗಿದೆ. ಎರಡನೆಯದು ಇದ್ದರೆ ಹಾಳೆ ಬರೆಯುವುದಲ್ಲ, ರಿಪೇರಿ ಮಾಡಿಸುವುದು.

ಮೈಕ್ರೋಫೋನಿಕ್ ಎಂದರೆ ‘ತಟ್ಟಿದರೆ ಝಣ್ ಎನ್ನುತ್ತದೆ’. ಪೆನ್ಸಿಲಿನ ಹಿಂದುಗಡೆಯಿಂದ 6ಎಸ್‌ಎನ್7ನ ಗಾಜು ಮೆಲ್ಲಗೆ ತಟ್ಟಿ. ಒಂದು ಸಲ ಟಕ್ ಎಂದು ನಿಂತರೆ ಸರಿ, ಗಂಟೆಯ ಹಾಗೆ ಎಳೆದರೆ ಆ ವಾಲ್ವ್ ಬದಲಿಸಬೇಕು. 6080ನಲ್ಲಿ ಇದು ಅಷ್ಟಾಗಿ ಕೇಳಿಸುವುದಿಲ್ಲ, ಅದು ಕ್ಯಾಥೋಡ್ ಫಾಲೋವರ್, ಅಂದರೆ ಸಿಗ್ನಲನ್ನು ಹಿಗ್ಗಿಸದೆ ಕರೆಂಟು ಮಾತ್ರ ಒದಗಿಸುವ ಜೋಡಣೆ, ಅದರ ಗೇನ್ ಒಂದಕ್ಕಿಂತ ಕಡಿಮೆ.

ನ್ಯೂ ಓಲ್ಡ್ ಸ್ಟಾಕ್ ಎಂದರೆ ‘ಹಳೇ ದಾಸ್ತಾನಿನ, ಬಳಸದ ವಾಲ್ವ್’. ಮಾರುವ ಸಾಮಾನಿನಲ್ಲಿ ಅದು ಆಗಲೇ ಉರಿದಿದೆಯಷ್ಟೇ? ಹಾಗಾದರೆ ಆ ಮಾತು ಅಳಿಸಿ. ಬಿಡಿಯಾಗಿ ಡಬ್ಬಿಯಲ್ಲಿ ಕೊಡುವ ವಾಲ್ವ್ ಇದ್ದರೆ ಅದಕ್ಕೆ ಮಾತ್ರ ಬರೆಯಿರಿ.

ಪ್ರತಿಬಾಧೆ ಯಾರಿಗೂ ಬೇಡ. 6080ನ ಒಂದು ಭಾಗದ ಒಳತಡೆ (ಪ್ಲೇಟ್ ರೆಸಿಸ್ಟೆನ್ಸ್) 280 ಓಮ್, ವರ್ಧನಾಂಕ 2. ಕ್ಯಾಥೋಡ್ ಫಾಲೋವರಿನಲ್ಲಿ 280ನ್ನು, ವರ್ಧನಾಂಕಕ್ಕೆ ಒಂದು ಕೂಡಿಸಿದ 3ರಿಂದ ಭಾಗಿಸಿ, ಸುಮಾರು 93 ಓಮ್ ಹೊರಗೆ ಕಾಣುತ್ತದೆ. 300 ಓಮ್‌ನ ಸೆನ್‌ಹೈಸರ್ ಎಚ್‌ಡಿ 600, 650 ಹಾಕಿದರೆ ಮುಕ್ಕಾಲು ಪಾಲು ಸಿಗ್ನಲ್ ಹೆಡ್‌ಫೋನಿಗೆ ಸಿಕ್ಕುತ್ತದೆ. 32 ಓಮ್‌ನದು ಹಾಕಿದರೆ ಕಾಲು ಪಾಲು ಮಾತ್ರ, ಉಳಿದದ್ದು ಒಳಗೇ ಕರಗುತ್ತದೆ. ಬೇಕಾದಷ್ಟು ಕರೆಂಟು ಕೊಡಲಾರದೆ ಸದ್ದೂ ಒಡೆಯುತ್ತದೆ. ಕೊಂಡವರು ವಾಪಸ್ ತರುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಆದ್ದರಿಂದ ‘250 ಓಮ್‌ಗಿಂತ ಮೇಲಿನ ಹೆಡ್‌ಫೋನಿಗೆ ಸರಿ, ಮೊಬೈಲಿಗೆ ಹಾಕುವ ಇಯರ್‌ಫೋನಿಗೆ ಆಗುವುದಿಲ್ಲ’ ಎಂದು ದಪ್ಪಕ್ಷರದಲ್ಲಿ.

ಮುಲುಂಡಿನಿಂದ:

ತುಂಬಾ ಉಪಕಾರ. ಗಾಜಿನ ಒಳಗೆ ಬೆಳ್ಳಿಯಂತೆ ಹೊಳೆಯುವ ಕಲೆಗೆ ಇಂಗ್ಲಿಷ್ ಹಾಳೆಯಲ್ಲಿ ಗೆಟರ್ ಎಂದಿದೆ. ಅದಕ್ಕೆ?

ಡೊಂಬಿವಲಿಯಿಂದ:

‘ಬೆಳ್ಳಿ ಕಲೆ’ ಎಂದೇ ಬರೆಯಿರಿ, ನೀವೇ ಹೇಳಿದಿರಿ. ಒಳಗೆ ಉಳಿದ ಗಾಳಿಯನ್ನು ಹೀರಲಿಕ್ಕೆ ಹಚ್ಚಿದ ಬೇರಿಯಂ ಅದು. ಹಾಲಿನಂತೆ ಬಿಳಿ ಆಗಿದ್ದರೆ ಗಾಜು ಬಿರುಕು ಬಿಟ್ಟು ಗಾಳಿ ನುಗ್ಗಿದೆ, ವಾಲ್ವ್ ಸತ್ತಿತು. ಅಂಚು ಮಾತ್ರ ಕಂದಿದ್ದರೆ ಸವೆದಿದೆ, ಸತ್ತಿಲ್ಲ. ಎರಡೂ ವಾಲ್ವಿನ ಕಲೆ ಕಾಣುವ ಹಾಗೆ ಫೋಟೊ ಹಾಕಿ. ಮುಂಭಾಗದ ಅಲ್ಯೂಮಿನಿಯಂ ಹೊಳಪಿನ ಹತ್ತು ಫೋಟೊಗಿಂತ ಅದೊಂದು ಮೇಲು.

ಮಡಗಾಂವಿನಿಂದ:

ಎಲ್ಲರೂ ಪಕ್ಕದಲ್ಲೇ ಇರುವ ಪದವನ್ನು ಬಿಟ್ಟು ಊರೆಲ್ಲ ಹುಡುಕುತ್ತಿದ್ದೀರಿ. ‘ತೂಬು’! ಕೆರೆಯ ತೂಬು ಮಾಡುವ ಕೆಲಸವೇನು? ಹಿಂದೆ ಬೇಕಾದಷ್ಟು ನೀರು ನಿಂತಿದೆ, ಸಣ್ಣ ಬೆಣೆ ಎತ್ತಿ ಇಳಿಸಿ ಅದನ್ನು ಅಳತೆಯಲ್ಲಿ ಬಿಡುವುದು. ಟ್ರಯೋಡ್ ಎಂಬ ವಾಲ್ವಿನ ನಡುವಿನ ಜಾಲರಿ, ಅಂದರೆ ಗ್ರಿಡ್, ಮಾಡುವುದೂ ಅಷ್ಟೇ. ಕ್ಯಾಥೋಡಿನಿಂದ ಪ್ಲೇಟಿಗೆ ಹರಿಯುವ ಕರೆಂಟನ್ನು ಗ್ರಿಡ್ಡಿನ ಸಣ್ಣ ವೋಲ್ಟೇಜು ಏರಿಸಿ ಇಳಿಸುತ್ತದೆ. ಅಮೆರಿಕದ ಸಂಶೋಧಕ ಡಿ ಫಾರೆಸ್ಟ್ 1906ರಲ್ಲಿ ಸೇರಿಸಿದ್ದು ಅದೇ ಬೆಣೆ. ವಾಲ್ವ್ ಎಂಬ ಅರ್ಥವೂ ಬಂತು, ಟ್ಯೂಬ್ ಎಂಬ ಸದ್ದೂ ಬಂತು. ಅಷ್ಟಕ್ಕೂ ಟ್ಯೂಬ್ ಎಂಬುದೇ ನಮ್ಮ ತೂಬು. ರೋಮಿನ ಹಡಗುಗಳು ಮೆಣಸಿಗೆ ಪಶ್ಚಿಮ ಕರಾವಳಿಗೆ ಬರುತ್ತಿದ್ದವು, ಪದವನ್ನೂ ಒಯ್ದವು.

ಕೋಥ್ರೂಡಿನಿಂದ:

ಲ್ಯಾಟಿನ್ನಿನದು ಟೂಬುಸ್. ನಮ್ಮ ಹಳೆಯ ರೂಪ ತೂಂಬು, ತಮಿಳಿನಲ್ಲೂ ತೂಂಬು. ಅನುನಾಸಿಕ ಎಲ್ಲಿ ಹೋಯಿತು? ಕಾಕತಾಳೀಯ. ಮುಗಿಯಿತು.

ಮಡಗಾಂವಿನಿಂದ:

> ಮುಗಿಯಿತು

ನೀವು ಹೇಳಿದರೆ ಮುಗಿಯುತ್ತದೆಯೇ? ತೂಂಬು ನಮ್ಮಲ್ಲೇ ತೂಬು ಆಗುವಾಗ ಅನುನಾಸಿಕ ಎಲ್ಲಿ ಹೋಯಿತೋ ಅಲ್ಲಿಗೇ ಹೋಯಿತು. ಪದಗಳು ಹಡಗು ಹತ್ತುವುದನ್ನು ಗೋವಾದವರಿಗೆ ಹೇಳಿಕೊಡಬೇಕಾಗಿಲ್ಲ. ಚಾವಿ, ಇಸ್ತ್ರಿ, ಬಟಾಟೆ ಪೋರ್ಚುಗೀಸರು ಇಳಿಸಿದ್ದು. ಇಲ್ಲಿಂದ ಹೋದದ್ದೂ ಇದೆ: ಮಲಯಾಳದ ಮಾಙ್ಙ ಅವರ ಬಾಯಲ್ಲಿ ಮಾಂಗ ಆಗಿ ಯುರೋಪು ಸೇರಿತು.

ಕೋಥ್ರೂಡಿನಿಂದ:

ವಸ್ತು ಹೋದಲ್ಲಿ ಪದ ಹೋಗುತ್ತದೆ. ಮಾವಿನಹಣ್ಣು ಹಡಗು ಹತ್ತಿತು. ಕೆರೆಯ ತೂಬು ಯಾವ ಹಡಗು ಹತ್ತಿತು?

ಪಿಂಪ್ರಿಯಿಂದ:

> ವಸ್ತು ಹೋದಲ್ಲಿ ಪದ ಹೋಗುತ್ತದೆ

ಹಿಡಕೊಳ್ರಿ ಇದನ್ನ! ವಾಲ್ವ್ ಅನ್ನೋ ವಸ್ತು ಬಂತು, ವಾಲ್ವ್ ಅನ್ನೋ ಪದ ಬಂತು. ಮತ್ತ ನಿಮ್ಮ ನಿರ್ವಾತ ನಳಿಕೆ ಯಾವ ಹಡಗಿನಾಗ ಬಂತ್ರಿ? ಸಂಸ್ಕೃತದಿಂದ ತಂದ್ರ ಅದು ಎರವಲಲ್ಲ, ಇಂಗ್ಲಿಷಿಂದ ತಂದ್ರ ಎರವಲು, ಇದು ಯಾವ ಲೆಕ್ಕ? ನನಗ ಎರಡೂ ಬ್ಯಾಡ, ಅದು ಬ್ಯಾರೆ ಮಾತು. ಆದ್ರ ನಿಮ್ಮ ತಕ್ಕಡಿ ಸರಿ ಇಲ್ಲ.

ಕೋಥ್ರೂಡಿನಿಂದ:

ಸಂಸ್ಕೃತದ ಧಾತುವಿನಿಂದ ಹತ್ತು ಪದ ಕಟ್ಟಬಹುದು: ವರ್ಧಕ, ವರ್ಧನ, ವರ್ಧಿತ, ಸಂವರ್ಧನೆ. ‘ಆಂಪ್ಲಿಫೈಯರ್’ ತಂದರೆ ಅದು ಒಂಟಿ ಪದವಾಗಿ ಕೂತಿರುತ್ತದೆ, ಕ್ರಿಯಾಪದ ಬೇಕೆಂದರೆ ‘ಆಂಪ್ಲಿಫೈ ಮಾಡು’. ಪಠ್ಯಪುಸ್ತಕ ಬರೆಯುವವರಿಗೆ ಈ ಕಷ್ಟ ಗೊತ್ತು.

ಡೊಂಬಿವಲಿಯಿಂದ:

ಅದು ನ್ಯಾಯವಾದ ಮಾತು, ಪಠ್ಯಪುಸ್ತಕಕ್ಕೆ. ನಾನೂ ಮೇಲೆ ‘ವರ್ಧನಾಂಕ’ ಎಂದೇ ಬರೆದೆ, ಇಲ್ಲಿ ಓದುವವರು ನೀವು ಎಂದು. ಇದು ಫಲಕದ ಹಾಳೆ. ಮುಲುಂಡಿನವರಿಗೆ ಶನಿವಾರ ಸಂಜೆ ಬೇಕು, ಮುಂದಿನ ಶತಮಾನಕ್ಕಲ್ಲ.

ತೂಬು ನನಗೂ ಇಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ‘ತೂಬಿನ ಆಂಪ್ಲಿಫೈಯರ್’ ಓದಿದವರು ಅಚ್ಚಿನ ತಪ್ಪು ಎಂದುಕೊಳ್ಳುತ್ತಾರೆ.

ಮುಲುಂಡಿನಿಂದ:

ಎಲ್ಲರಿಗೂ ಧನ್ಯವಾದ. ಅಚ್ಚಿಗೆ ಕಳಿಸುವ ಪಾಠ ಇದು:

‘ಮಾರಾಟಕ್ಕಿದೆ: ಹೆಡ್‌ಫೋನಿಗೆ ಹಾಕುವ ವಾಲ್ವ್ ಆಂಪ್ಲಿಫೈಯರ್, ಸೆಕೆಂಡ್ ಹ್ಯಾಂಡ್. 230 ವೋಲ್ಟಿನದು, ಬೇರೆ ಟ್ರಾನ್ಸ್‌ಫಾರ್ಮರ್ ಬೇಡ. ಟ್ಯೂಬ್ ಎರಡು: 6ಎಸ್‌ಎನ್7 ಒಂದು, 6080 ಒಂದು, ಎರಡರ ಬೆಳ್ಳಿ ಕಲೆಯೂ ಅಚ್ಚುಕಟ್ಟಾಗಿದೆ, ಫೋಟೊ ನೋಡಿ. 250 ಓಮ್‌ಗಿಂತ ಮೇಲಿನ ಹೆಡ್‌ಫೋನಿಗೆ ಸರಿ. ಮೊಬೈಲಿನ ಇಯರ್‌ಫೋನಿಗೆ ಆಗುವುದಿಲ್ಲ. ವಾಲ್ಯೂಮ್ ಸೊನ್ನೆಯಲ್ಲಿ ಗುಂಯ್ ಎನ್ನುವುದಿಲ್ಲ. ವಾಲ್ಯೂಮ್ ಗುಬುಟು ತಿರುಗಿಸುವಾಗ ಶುರುವಿನಲ್ಲಿ ಸ್ವಲ್ಪ ಕರಕರ ಇದೆ. ಮನೆಗೆ ಬಂದು ನಿಮ್ಮದೇ ಹೆಡ್‌ಫೋನಿನಲ್ಲಿ ಕೇಳಿ ಕೊಳ್ಳಬಹುದು.’

‘ಬಳಸಿದ’ ಬಿಟ್ಟು ‘ಸೆಕೆಂಡ್ ಹ್ಯಾಂಡ್’ ಹಾಕಿದೆ, ಮಾರುವವರು ಅದನ್ನೇ ಕೇಳಿದರು. 250 ‘ಓಂ’ ಎಂದು ಮುದ್ರಕರು ಒಮ್ಮೆ ಜೋಡಿಸಿದ್ದರು, ಜಪದ ಲೆಕ್ಕದಂತೆ ಕಂಡಿತು; ಅರ್ಧಾಕ್ಷರದ ‘ಮ್’ ಹಾಕಿಸಿದೆ.

ಪಿಂಪ್ರಿಯಿಂದ:

‘ಗುಬುಟು’ ಚಲೋ ಅದ. ‘ಸೆಕೆಂಡ್ ಹ್ಯಾಂಡ್’ ಓದಿ ಹೊಟ್ಟಿ ಉರೀತು.

ಕೋಥ್ರೂಡಿನಿಂದ:

‘ಎರಡರ ಬೆಳ್ಳಿ ಕಲೆಯೂ’ ಅಲ್ಲ, ‘ಎರಡರದೂ ಬೆಳ್ಳಿ ಕಲೆ’. ಉಳಿದದ್ದರ ಬಗ್ಗೆ ನನ್ನ ಅಭಿಪ್ರಾಯ ಆಗಲೇ ಹೇಳಿದ್ದೇನೆ.

ಡೊಂಬಿವಲಿಯಿಂದ:

ಆ ಕರಕರ ಹೋಗಲಿಕ್ಕೆ, ಕಾಯುವ ಹೊತ್ತು ಬಿಟ್ಟರೆ, ಹತ್ತು ನಿಮಿಷ ಸಾಕು. ಪ್ಲಗ್ ಕಿತ್ತು ಅರ್ಧ ಗಂಟೆ ಬಿಟ್ಟು, ಕೆಪಾಸಿಟರಿನಲ್ಲಿ ವೋಲ್ಟೇಜು ಉಳಿದಿಲ್ಲವೆಂದು ಮೀಟರಿನಲ್ಲಿ ನೋಡಿಕೊಂಡ ಮೇಲೆಯೇ ತಳ ಬಿಚ್ಚಿ. ಆರಿಸಿದ ಮೇಲೂ ಅಲ್ಲಿ ನೂರೈವತ್ತು ವೋಲ್ಟ್ ನಿಂತಿರಬಹುದು. ಅಭ್ಯಾಸ ಇಲ್ಲದಿದ್ದರೆ ರೇಡಿಯೊ ರಿಪೇರಿಯವರ ಕೈಗೆ ಕೊಡಿ. ವಾಲ್ಯೂಮ್ ಕಂಟ್ರೋಲಿನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದೇ ಒತ್ತು, ಆಮೇಲೆ ತುದಿಯಿಂದ ತುದಿಗೆ ಇಪ್ಪತ್ತು ಸಲ ತಿರುಗಿಸಿ. ನಮ್ಮ ಮಳೆಗಾಲದ ತೇವಕ್ಕೆ ವಾಲ್ವಿನ ಕಡ್ಡಿಗಳೂ ಕಪ್ಪಾಗಿರುತ್ತವೆ, ಐಸೊಪ್ರೊಪಿಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ.

ಕೇಳಲು ಬಂದವರ ಎದುರು ಒಂದು ಕಿವಿ ಮೆತ್ತಗೆ ಕೇಳಿದರೆ ಗಾಬರಿ ಬೇಡ. ಮೊದಲು ಹೆಡ್‌ಫೋನನ್ನೇ ತಿರುಗಿಸಿ ಹಾಕಿಸಿ. ಮೆತ್ತಗಿದ್ದದ್ದು ಈಗ ಇನ್ನೊಂದು ಕಿವಿಗೆ ಬಂದರೆ ತೊಂದರೆ ಹೆಡ್‌ಫೋನಿನಲ್ಲಿ ಅಥವಾ ಅದರ ಹಿಂದೆ. ಅದೇ ಕಿವಿಯಲ್ಲಿ ಉಳಿದರೆ ಬಂದವರ ಕಿವಿಯದೇ. ಕಿವಿ ಬದಲಾದರೆ ಆಂಪ್ಲಿಫೈಯರಿನ ಹಿಂದೆ ಎಡ ಬಲದ ಕೇಬಲ್ ಅದಲು ಬದಲು ಮಾಡಿ. ಆಗ ಬದಿ ಬದಲಾದರೆ ಪ್ಲೇಯರ್ ಕಡೆ ನೋಡಿ, ಬದಲಾಗದಿದ್ದರೆ ಇನ್ನೊಂದು ಹೆಡ್‌ಫೋನ್ ಹಾಕಿ ನೋಡಿ, ಆಗಲೂ ಹಾಗೆಯೇ ಇದ್ದರೆ 6ಎಸ್‌ಎನ್7ನ ಎರಡು ಭಾಗ, ಎಡಕ್ಕೊಂದು ಬಲಕ್ಕೊಂದು, ಒಂದೇ ಮಟ್ಟಕ್ಕಿಲ್ಲದಿರಬಹುದು.

ಒಯ್ಯುವಾಗ ಎರಡೂ ವಾಲ್ವ್ ಕಳಚಿ ಬೇರೆ ಡಬ್ಬಿಯಲ್ಲಿ ಕಳಿಸಿ. ಆರಿಸಿ ಕಾಲು ಗಂಟೆ ಬಿಟ್ಟು, ಗಾಜು ಹಿಡಿಯದೆ ಕೆಳಗಿನ ಕಪ್ಪು ಬುಡ ಹಿಡಿದು ಅಲುಗಿಸುತ್ತ ನೇರ ಮೇಲಕ್ಕೆ. ನಡುವಿನ ಗೂಟದ ಏಣು ಮುರಿದರೆ ಎಂಟು ಕಡ್ಡಿಗಳಲ್ಲಿ ಯಾವುದು ಯಾವ ತೂತಿಗೆ ಎಂದು ತಿಳಿಯದೆ ಕೊಂಡವರು ತಪ್ಪಾಗಿ ಸಿಕ್ಕಿಸುತ್ತಾರೆ.